ಸೋಮವಾರದ ಉಪ್ಪು

ಅಂಗಡಿ ಅಕ್ಕಾರ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ನೆನೆಸಿ ಸಿಪ್ಪೆ ತೆಗೆದ ಅವರೆಕಾಳಿನ ಹಾಗೆ ನುಣ್ಣಗಿನ ಬಿಳಿ ಚರ್ಮ. ಆ ಹೆಬ್ಬೆರಳಿನಿಂದಲೇ ಅವರು ಬೆಲ್ಲದ ಪೆಂಟೆಯನ್ನು ಒತ್ತಿ ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಿದ್ದರು, ತಕ್ಕಡಿಯ ತಟ್ಟೆಯನ್ನು ಸರಿ ಕೂರಿಸುತ್ತಿದ್ದರು, ಸುಳ್ಳು ಹೇಳಿದ ಹುಡುಗರ ಗಲ್ಲವನ್ನು ಹಿಂಡುತ್ತಿದ್ದರು. ಉಗುರು ಎಲ್ಲಿ ಹೋಯಿತು ಎಂದು ಕೇಳಿದರೆ ದಿನಕ್ಕೊಂದು ಉತ್ತರ. "ನಿಮಗ ಪೆಪ್ಪರಮಿಂಟ ಎಣಿಸಿ ಕೊಟ್ಟು ಕೊಟ್ಟು ಸವದು ಹೋತು ನೋಡವಾ" ಎನ್ನುವರು ಒಮ್ಮೆ. "ಕರೆಂಟ್ ಬಿಲ್ ನೋಡಿ ಅಂಜಿ ಹಾರಿ ಹೋತು" ಎನ್ನುವರು ಇನ್ನೊಮ್ಮೆ. ನಿಜ ಸಂಗತಿ ಕಾಲೊನಿಗೆಲ್ಲ ಗೊತ್ತಿತ್ತು. ಅದನ್ನು ಕತ್ತೆ ಕಚ್ಚಿಕೊಂಡು ಹೋಗಿತ್ತು.

ನಾನು ಬೆಳೆದದ್ದು ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ವಿದ್ಯುತ್ ಯೋಜನೆಯಲ್ಲಿ ನೌಕರಿ. ಸುತ್ತ ಮುತ್ತಲಿನವರೆಲ್ಲ ನಮ್ಮ ಹಾಗೆಯೇ ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸಕ್ಕೆಂದು ಬಂದವರು. ನಮ್ಮ ಸಾಲಿನ ಕೊನೆಯಲ್ಲಿ, ರಸ್ತೆ ತಿರುಗುವ ಜಾಗದಲ್ಲಿ ಅಕ್ಕಾರ ಕಿರಾಣಿ ಅಂಗಡಿ. ರಸ್ತೆಯ ಆಚೆ ಒಂದು ಸಣ್ಣ ಮಸಣ, ಅದರ ಹಿಂದೆ ಕಾಡು. ಯೋಜನೆಯ ಕೆಲಸ ನಡೆದಾಗ ಕೂಲಿಗಳು ಇದ್ದ ಕ್ಯಾಂಪಿನ ಮುರುಕು ಗೋಡೆಗಳು ಆ ಕಾಡಿನೊಳಗೆ ಈಗಲೂ ಇವೆ. ಅಂಗಡಿಯ ಹಿತ್ತಲಿನಲ್ಲಿ ಒಂದು ಚಪ್ಪಡಿ ಕಲ್ಲು. ಪ್ರತಿ ಸೋಮವಾರ ಬೆಳಗಿನ ಜಾವ ಆ ಕಾಡಿನಿಂದ ಕತ್ತೆಗಳು ಇಳಿದು, ರಸ್ತೆ ದಾಟಿ, ಅಕ್ಕಾರ ಹಿತ್ತಲಿಗೆ ಬಂದು ಕಲ್ಲಿನ ಸುತ್ತ ನಿಲ್ಲುತ್ತಿದ್ದವು. ಅಕ್ಕಾರು ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಮೊರದ ತುಂಬ ಉಪ್ಪು ತಂದು ಕಲ್ಲಿಗೆ ಸುರಿಯುತ್ತಿದ್ದರು. ಹುಲಿ ಕಾಡಿನಲ್ಲಿ ಕತ್ತೆ ಇರುವುದು ವಿಚಿತ್ರ ಅಂತ ನನಗೆ ಹೊಳೆದದ್ದೇ ದಾಂಡೇಲಿಗೆ ಹೈಸ್ಕೂಲಿಗೆ ಹೋದ ಮೇಲೆ. ಅಲ್ಲಿಯ ಗೆಳತಿಯರು ನಂಬಲಿಲ್ಲ. "ನಿಮ್ಮೂರಾಗ ಕತ್ತಿಗೂ ಕ್ವಾರ್ಟರ್ಸ್ ಕೊಟ್ಟಾರೇನ?" ಅಂತ ನಕ್ಕರು. ಅದು ಸುಳ್ಳೇನೂ ಆಗಿರಲಿಲ್ಲ. ಮಳೆಗಾಲದಲ್ಲಿ ಆ ಕತ್ತೆಗಳು ಖಾಲಿ ಬಿದ್ದ ಕ್ವಾರ್ಟರ್ಸುಗಳ ಪಡಸಾಲೆಯಲ್ಲಿಯೇ ನಿಲ್ಲುತ್ತಿದ್ದವು.

ಅವು ಬಂದ ಕತೆಯನ್ನು ಅಕ್ಕಾರೇ ಹೇಳಿದ್ದು. ಅವರು ಹಳಿಯಾಳ ಕಡೆಯ ಒಕ್ಕಲುತನದ ಮನೆಯವರು. ಮದುವೆಯಾಗಿ ಇಲ್ಲಿಗೆ ಬಂದಾಗ ಗುಡ್ಡ ಕಡಿಯುವ ಕೆಲಸ ಭರದಿಂದ ನಡೆದಿತ್ತಂತೆ. ಲಾರಿ ಏರದ ಕಡೆಗೆ ಮರಳು, ಜಲ್ಲಿ, ಸಿಮೆಂಟು ಸಾಗಿಸಲು ಬಿಜಾಪುರ, ಬಾಗಲಕೋಟೆಯ ಕಡೆಯಿಂದ ಮಣ್ಣು ಕೆಲಸದ ಜನ ಕತ್ತೆಗಳ ಸಮೇತ ಬಂದಿದ್ದರು. ಅಕ್ಕಾರ ಮಾವನ ಅಂಗಡಿಗೂ ಅಕ್ಕಿ, ಎಣ್ಣೆ ಅವೇ ಕತ್ತೆಗಳ ಬೆನ್ನ ಮೇಲೆ ಏರಿ ಬರುತ್ತಿದ್ದವು. ಹೊಸ ಸೊಸೆ ಬಂದ ಮೊದಲ ಸೋಮವಾರ ಬಾಗಿಲಲ್ಲಿ ಹೇರು ಹೊತ್ತ ಕತ್ತೆಗಳನ್ನು ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರಂತೆ. ಅವರ ತವರಿನಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ವಾರ ಅದು.

"ಎತ್ತಿಗೆ ಸೋಮವಾರ ಐತಿ, ಕತ್ತಿಗೆ ಯಾಕ ಇಲ್ಲ?" ಎಂದು ಸೊಸೆ ಕೇಳಿದರು.

"ಕತ್ತಿ ಏನ್ ಲಿಂಗಾ ಕಟ್ಟೇತೇನ?" ಅಂದರು ಮಾವ.

"ಎತ್ತೇನ್ ಕಟ್ಟೇತೇನ?"

ಮಾವನಿಗೆ ಉತ್ತರ ಸಿಗಲಿಲ್ಲ. ಅಂದಿನಿಂದ ಆ ಅಂಗಡಿಗೆ ಸೋಮವಾರ ಹೇರು ಬರುವುದು ನಿಂತಿತು. ಅಷ್ಟಕ್ಕೇ ಬಿಡದೆ ಸೊಸೆ ಅವಕ್ಕೆ ಉಪ್ಪು, ಹೊಟ್ಟು ತಿನ್ನಿಸಲು ಹೋದರು. ಒಂದು ಕತ್ತೆ ಉಪ್ಪಿನ ಜೊತೆಗೆ ಹೆಬ್ಬೆರಳನ್ನೂ ಹಿಡಿಯಿತು. "ನೋಡಿದಿ? ಉಪಕಾರ ಮಾಡಾಕ ಹೋಗಿ ಉಗರ ಕಳಕೊಂಡಿ" ಎಂದು ಮಾವ ಹಂಗಿಸಿದರೆ, ಅರಿಷಿಣ ಒತ್ತಿ ಹಿಡಿದುಕೊಂಡೇ ಸೊಸೆ, "ಅದು ಹಸದಿತ್ತು, ಕಡೀತು. ನೀವು ಹೊಟ್ಟಿ ತುಂಬಿ ಕಡೀತೀರಿ" ಅಂದರಂತೆ. ಇದನ್ನು ಹೇಳುವಾಗ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುತ್ತಿದ್ದ ಅವರ ಗಂಡ ನಕ್ಕು, "ಹೌದು ಹೌದು, ನಮ್ಮಪ್ಪ ಮೂರು ದಿನ ಮಾತಾಡಿರಲಿಲ್ಲ" ಎಂದು ಸಾಕ್ಷಿ ಹೇಳುತ್ತಿದ್ದರು. ಅವರು ಆ ಮನೆಯಲ್ಲಿ ಆಡಿದ ಮಾತು ಕಡಿಮೆ. ಆಡಲು ಸಂದು ಸಿಗುತ್ತಿರಲಿಲ್ಲ.

ಕೆಲಸ ಮುಗಿಯಿತು. ಮಣ್ಣು ಕೆಲಸದ ಜನ ಲಾರಿ ಏರಿದರು. ಗಟ್ಟಿ ಇದ್ದ ಕತ್ತೆಗಳನ್ನು ಹೊಡೆದುಕೊಂಡು ಹೋದರು. ಮುದಿಯವು, ಕುಂಟಿದವು, ಗಬ್ಬದವು ಕ್ಯಾಂಪಿನಲ್ಲಿ ಉಳಿದವು. ಬಯಲುಸೀಮೆಯ ಪ್ರಾಣಿಗೆ ಇಲ್ಲಿನ ಮಳೆ ಹೊಸದು. ಗೊರಸು ಕೊಳೆತು ಬಹಳಷ್ಟು ಸತ್ತವಂತೆ. ಬದುಕಿದವುಗಳ ಮರಿಗಳಿಗೆ ಮೈಮೇಲೆ ಉದ್ದ ಕೂದಲು ಬಂತು, ಬೆದರುವ ಕಣ್ಣು ಬಂತು. ಮಣ್ಣು ಕೆಲಸದವರು ತಮ್ಮ ಕತ್ತೆಗಳ ಕಿವಿಯನ್ನು ಗುರುತಿಗೆಂದು ಕತ್ತರಿಸುತ್ತಿದ್ದರು, ಉಸಿರು ಸಲೀಸಾಗಲಿ ಎಂದು ಮೂಗಿನ ಹೊಳ್ಳೆ ಸೀಳುತ್ತಿದ್ದರು. ನಾನು ನೋಡುವ ಹೊತ್ತಿಗೆ ಹಿತ್ತಲಿಗೆ ಬರುತ್ತಿದ್ದ ಎಲ್ಲ ಕತ್ತೆಗಳ ಕಿವಿ, ಮೂಗು ಇಡಿಯಾಗಿಯೇ ಇದ್ದವು. ಒಂದು ಬೂದು ಬಣ್ಣದ ಹೆಣ್ಣು ಕತ್ತೆ ಮುಂದೆ, ಉಳಿದವು ಅದರ ಹಿಂದೆ. ಅಕ್ಕಾರು ಅದನ್ನು ಮುದುಕಿ ಎಂದು ಕರೆಯುತ್ತಿದ್ದರು. ತಮಗಿಂತ ಅದು ಎಷ್ಟೋ ಚಿಕ್ಕದೆಂಬುದು ಅವರಿಗೆ ಲೆಕ್ಕಕ್ಕಿರಲಿಲ್ಲ.

ಅಕ್ಕಾರ ಪ್ರೀತಿಯನ್ನು ಊರೇನೂ ಹಂಚಿಕೊಂಡಿರಲಿಲ್ಲ, ಅದನ್ನೂ ಹೇಳಬೇಕು. ಕತ್ತೆಗಳು ಕೆಳಗಿನ ಹಳ್ಳಿಯವರ ಭತ್ತದ ಸಸಿ ಮೇಯುತ್ತಿದ್ದವು. ಅರಣ್ಯದವರು ನೆಟ್ಟ ಗಿಡಗಳ ಸುಳಿ ಚಿವುಟುತ್ತಿದ್ದವು. ಚಿರತೆಗಳು ಕತ್ತೆಮರಿಯ ರುಚಿ ಹತ್ತಿ ಕ್ವಾರ್ಟರ್ಸಿನ ಹಿಂಬದಿಯವರೆಗೆ ಬರತೊಡಗಿದವು. ನಮ್ಮ ಅವ್ವ ಸಂಜೆಯಾದರೆ ನಮ್ಮನ್ನು ಅಂಗಳಕ್ಕೆ ಬಿಡುತ್ತಿರಲಿಲ್ಲ. ದೂರು ಕೊಟ್ಟರೆ ಅರಣ್ಯದವರು "ಇವು ವನ್ಯಜೀವಿ ಅಲ್ಲ" ಎನ್ನುವರು, ಪಂಚಾಯತಿಯವರು "ಇವು ಸಾಕಿದವಲ್ಲ" ಎನ್ನುವರು. ಹಾಗಾಗಿ ಎಲ್ಲರೂ ಅಕ್ಕಾರ ಅಂಗಡಿಗೇ ಬಂದು "ನಿಮ್ಮ ಕತ್ತಿ ಹಿಂಗ ಮಾಡ್ಯಾವ" ಎಂದು ಜಗಳ ತೆಗೆಯುವರು. "ನಮ್ಮವಂತ ಯಾರ್ ಹೇಳಿದರು? ಲೈಟ್ ಹಚ್ಚತೀಯಿಲ್ಲ ಮನ್ಯಾಗ? ಹಂಗಾರ ನಿಮ್ಮವೂ ಹೌದು" ಎಂದು ಅಕ್ಕಾರು ಒಂದು ತುಣುಕು ಬೆಲ್ಲ ಕೈಗಿಟ್ಟು ಕಳಿಸುವರು. ಬೈಸಿಕೊಂಡು ಬೆಲ್ಲ ತಿನ್ನುತ್ತ ಹೋದವರು ಬಹಳ ಜನ.

ನನ್ನ ಅಪ್ಪ ನಿವೃತ್ತನಾಗಿ ಕ್ವಾರ್ಟರ್ಸ್ ಬಿಡಬೇಕಾದಾಗ ಅವ್ವ ಖಾಲಿ ಅಡುಗೆಮನೆಯಲ್ಲಿ ಕೂತು ಅತ್ತಳು. ಕಿಟಕಿಗೆ ತಾನೇ ಬಳಿದ ಬಣ್ಣ, ತಾನೇ ನೆಟ್ಟ ಕರಿಬೇವು. ಬೀಳ್ಕೊಡಲು ಬಂದ ಅಕ್ಕಾರು ಸಮಾಧಾನದ ಮಾತು ಆಡಲಿಲ್ಲ. ಅದು ಅವರಿಗೆ ಬರುತ್ತಲೂ ಇರಲಿಲ್ಲ. "ಕೆಲಸಕ್ಕ ತರತಾರ, ಕೆಲಸ ಮುಗಿದ ಮ್ಯಾಲ ಬಿಡತಾರ. ನಮ್ಮ ಹಿತ್ತಲಕ್ಕ ಬರೂವು ಏನ್ ಬ್ಯಾರೆ, ನಾವೇನ್ ಬ್ಯಾರೆ?" ಅಂದರು. ಅವ್ವನಿಗೆ ಸಿಟ್ಟು ಬಂದು ಅಳು ನಿಂತಿತು. ಆಮೇಲೆ ನನ್ನ ಕಡೆ ತಿರುಗಿ, "ಕತ್ತಿ ಬಿಟ್ಟು ಹೋದವರು ತಿರಿಗಿ ಬಂದು ನೋಡಲಿಲ್ಲ. ನೀ ಹಂಗ ಮಾಡಬ್ಯಾಡವಾ. ಬರತಿರು" ಎಂದರು. ನಾನು ದಾಂಡೇಲಿಯಲ್ಲಿಯೇ ಓದಿ, ಅಲ್ಲಿಯ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯೇ ಸಂಸಾರ ಹೂಡಿದೆ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಅಕ್ಕಾರಲ್ಲಿಗೆ ಹೋಗುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ನನಗೆ ತವರು ಅಂತ ಇದ್ದದ್ದು ಆ ಅಂಗಡಿಯ ಹಿಂಬಾಗಿಲೇ.

ಅಕ್ಕಾರ ಗಂಡ ಹೋದ ಮೇಲೆ ಮಗ ಅಂಗಡಿ ನೋಡಿಕೊಳ್ಳುತ್ತಿದ್ದ. ಅಪ್ಪನಂತೆಯೇ ಮೆತ್ತಗಿನ ಮನುಷ್ಯ. ದಿನಾ ನಸುಕಿನಲ್ಲಿ ಬೈಕು ತೆಗೆದುಕೊಂಡು ದಾಂಡೇಲಿಗೆ ಹಾಲಿನ ಪಾಕೀಟು ತರಲು ಹೋಗುವನು. ಒಂದು ಚಳಿಗಾಲದ ಸೋಮವಾರ, ಮಂಜು ಕವಿದಿದ್ದಾಗ, ತಮ್ಮದೇ ಅಂಗಡಿಯ ಮುಂದಿನ ತಿರುವಿನಲ್ಲಿ ರಸ್ತೆ ದಾಟುತ್ತಿದ್ದ ಮರಿಗತ್ತೆಗೆ ಬೈಕು ಹೊಡೆಯಿತು. ಅದು ಅಲ್ಲೇ ಸತ್ತಿತು. ಇವನ ಎಡಗಾಲಿನ ಮೂಳೆ ಎರಡು ಕಡೆ ಮುರಿದು, ಒಳಗೆ ರಾಡು ಹಾಕಬೇಕಾಯಿತು. ಅವನು ಆಮೇಲೆ ನೆಟ್ಟಗೆ ನಡೆಯಲೇ ಇಲ್ಲ.

ನಾನು ನೋಡಲು ಹೋದಾಗ ತಾಯಿ ಮಗ ಎದುರುಬದುರು ಕೂತಿದ್ದರು. ಮಗ ದನಿ ಏರಿಸದೆ ಕೇಳಿದ: "ಅವ್ವಾ, ರಸ್ತಾದ ಆ ಕಡಿ ಹುಲ್ಲೈತಿ, ಹಳ್ಳದಾಗ ನೀರೈತಿ. ಈ ಕಡಿ ಏನೈತಿ ಅವಕ್ಕ?"

ಅಕ್ಕಾರು ಅವನ ಕಾಲಿನ ಮೇಲಿನ ಹೊದಿಕೆ ಸರಿ ಮಾಡಿದರು.

"ಈ ಕಡಿ ನಿನ್ನ ಉಪ್ಪು ಐತಿ."

ಆ ಬಾಯಿಗೆ ಉತ್ತರ ಸಿಗದ್ದನ್ನು ನಾನು ಮೊದಲ ಸಲ ಕಂಡೆ. ಅವರ ಮಾವನಿಗೆ ಆದದ್ದೇ ಈಗ ಅವರಿಗಾಯಿತು. ಅಷ್ಟು ವರ್ಷ ಪುಣ್ಯದ ಕೆಲಸ ಎಂದು ಹಾಕಿದ ಉಪ್ಪು ಪ್ರತಿ ಸೋಮವಾರ ಕತ್ತೆಗಳನ್ನು ರಸ್ತೆಗೆ ಎಳೆಯುತ್ತಿತ್ತು. ಒಂದು ವಾರ ಹಾಕದೆ ನೋಡಿದರು. ಅವು ಬಂದು, ಬರೀ ಕಲ್ಲನ್ನು ನೆಕ್ಕುತ್ತ ಮಧ್ಯಾಹ್ನದವರೆಗೆ ನಿಂತವು. ರಸ್ತೆ ದಾಟಿ ಕಾಡಂಚಿನಲ್ಲಿ ಹಾಕಲು ಹೋದರೆ ಅರಣ್ಯದ ಗಾರ್ಡ್ ತಡೆದ. ಅಲ್ಲಿ ಉಪ್ಪು ಹಾಕಿದರೆ ಕಾಡೆಮ್ಮೆಗಳೂ ಬರುತ್ತವೆ, ಕತ್ತೆಯ ರೋಗ ಅವಕ್ಕೆ ಹತ್ತುತ್ತದೆ ಎಂದ. ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಇನ್ನು ರಸ್ತೆಯ ಆಚೆ ಉಳಿದದ್ದು ಮಸಣ. "ಅಲ್ಲೇ ಒಂದ್ ಮೂಲ್ಯಾಗ ಹಾಕವಾ, ಅದು ಅರಣ್ಯದವರದಲ್ಲ" ಎಂದು ಮಗನೇ ಹೇಳಿದ. ಅಕ್ಕಾರು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡರು.

"ಬಾಯಾಗ ಹುಳಾ ಬೀಳತಾವ, ಅನ್ನಬ್ಯಾಡ. ಮಸಣಕ್ಕ ಉಪ್ಪು ಹೋಗೂದು ಹೆಣದ ಕೂಡ. ಹೆಣ ಇಲ್ಲದ ಉಪ್ಪು ಒಯ್ದರ ಅದು ಹೆಣಾನ ಕರೀತೈತಿ."

ಅವರಲ್ಲಿ ಸತ್ತವರನ್ನು ಮಣ್ಣಿನಲ್ಲಿ ಇಡುವಾಗ ವಿಭೂತಿ, ಪತ್ರೆಗಳ ಜೊತೆಗೆ ಉಪ್ಪು ಹಾಕುತ್ತಾರೆ. ಮಗ ಈಗಷ್ಟೇ ಸಾವಿನ ಬಾಯಿಂದ ಬಂದಿದ್ದ. ಆ ತಾಯಿ ಅಂಥ ಕೆಲಸ ಹೇಗೆ ಮಾಡಿಯಾಳು?

ಮಗ ಸುತ್ತಲಿನ ಅಂಗಡಿಯವರನ್ನು ಕೂಡಿಸಿ ಪಂಚಾಯತಿಗೆ ಹೇಳಿ, ಕತ್ತೆ ಹಿಡಿಯುವವರನ್ನು ಕರೆಸಿದ. ನಾನು ಅವನನ್ನು ಬೈಯಲಾರೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಬೇಸಿಗೆ ರಜೆಯಲ್ಲಿ ನಾನು ಅಲ್ಲಿದ್ದಾಗಲೇ ಬಲೆ, ಹಗ್ಗ ಹಾಕಿಕೊಂಡು ಒಂದು ಸಣ್ಣ ಲಾರಿ ಬಂತು. ವಾರವೆಲ್ಲ ಅವರು ಕಾಡಂಚಿನಲ್ಲಿ ಅಲೆದರು. ಒಂದು ಕತ್ತೆಯ ಬಾಲವೂ ಸಿಗಲಿಲ್ಲ. ಕೊನೆಗೆ ಯಾರೋ ಸೋಮವಾರದ ಸಂಗತಿ ಹೇಳಿದರು. ಹಿಡಿಯುವವರ ಮುಖ್ಯಸ್ಥ ಭಾನುವಾರ ಅಂಗಡಿಗೆ ಬಂದು ಕೈಮುಗಿದ.

"ಅವ್ವಾರ, ನೀವು ಏನೂ ಮಾಡೂದು ಬ್ಯಾಡ. ಯಾವಾಗ್ಲೂ ಹಾಕೂಹಂಗ ಉಪ್ಪು ಹಾಕ್ರಿ, ಸಾಕು. ಉಳಿದದ್ದು ನಾವ್ ನೋಡಿಕೊಂತೇವಿ."

"ಒಯ್ದು ಏನ್ ಮಾಡತೀರಿ?"

"ಇಟ್ಟಂಗಿ ಭಟ್ಟಿಗೆ ಕೊಡತೇವ್ರಿ. ಕೆಳಗಿನ ಸೀಮ್ಯಾಗ ಬೇಡಿಕಿ ಐತಿ."

"ಅವು ಹುಟ್ಟಿದಾಗಿಂದ ಹೊರಿ ಹೊತ್ತಿಲ್ಲೋ ತಮ್ಮಾ."

"ಹೊರಿಸಿದರ ಹೊರತಾವ್ರಿ."

ಅವನು ಹೋದ ಮೇಲೆ ಅಕ್ಕಾರು ತಕ್ಕಡಿಯ ತಟ್ಟೆ ಒರೆಸುತ್ತ ತಮ್ಮಷ್ಟಕ್ಕೇ, "ಹೊರಿಸಿದರ ಯಾರೂ ಹೊರತಾರ" ಅಂದರು. ಹಾಕುತ್ತೇನೆ ಅನ್ನಲಿಲ್ಲ, ಹಾಕುವುದಿಲ್ಲ ಅನ್ನಲೂ ಇಲ್ಲ. ಮಗ ಅವರ ಮುಖವನ್ನೇ ನೋಡುತ್ತಿದ್ದ.

ಸೋಮವಾರ ಬೆಳಕು ಹರಿಯುವ ಮೊದಲೇ ಬಲೆಯವರು ಹಿತ್ತಲ ಗೋಡೆಯ ಹಿಂದೆ ಅಡಗಿ ಕೂತರು. ಮಗ ಊರುಗೋಲು ಹಿಡಿದು ಅಂಗಡಿಯ ಕಟ್ಟೆಯ ಮೇಲೆ. ಅಕ್ಕಾರು ಎಂದಿನಂತೆ ಸ್ನಾನ ಮಾಡಿದರು, ಪೂಜೆ ಮಾಡಿದರು, ಮೊರದ ತುಂಬ ಉಪ್ಪು ತುಂಬಿಕೊಂಡು ಹಿಂಬಾಗಿಲಿಗೆ ಬಂದರು. ನಾನು ಅವರ ಬೆನ್ನ ಹಿಂದೆಯೇ ಇದ್ದೆ. ಕತ್ತೆಗಳು ಬಂದವು. ಮುದುಕಿ ಮುಂದೆ, ಉಳಿದವು ಹಿಂದೆ, ಮರಿಗಳು ಹೊಟ್ಟೆಯ ಸಂದಿಯಲ್ಲಿ. ಕಲ್ಲಿನ ಸುತ್ತ ನಿಂತು, ಕಿವಿ ಮುಂದೆ ಮಾಡಿ, ಅವರನ್ನೇ ನೋಡಿದವು.

ಅಕ್ಕಾರು ಮೊರವನ್ನು ಹೊಸ್ತಿಲ ಒಳಗೆ ಇಟ್ಟರು. ಬಾಗಿಲ ಮೂಲೆಯಲ್ಲಿದ್ದ, ಶಟರ್ ಎಳೆಯುವ ಕೊಕ್ಕೆಯ ಕೋಲನ್ನು ತೆಗೆದುಕೊಂಡರು. ಹಿತ್ತಲಿಗೆ ಇಳಿದವರೇ ಹೊಡೆಯತೊಡಗಿದರು.

"ಹೋಗ್ರಿ! ನಡೀರಿ! ಏನೈತಿ ಇಲ್ಲಿ ನಿಮ್ಮದು? ಯಾರಿದ್ದಾರ ಇಲ್ಲಿ ನಿಮ್ಮವರು?"

ಉಳಿದವು ಚದುರಿದವು. ಮುದುಕಿ ಮಾತ್ರ ಕದಲಲಿಲ್ಲ. ಕೋಲು ತನಗಲ್ಲ ಅಂದುಕೊಂಡಿತೋ ಏನೋ. ಅಕ್ಕಾರು ಅದರ ಮೂಗಿನ ಮೇಲೆಯೇ ಬಾರಿಸಿದರು. ಆಗಲೂ ಅದು ನಿಂತು ನೋಡಿತು. ಇನ್ನೊಂದು ಏಟು ಬಿದ್ದ ಮೇಲೆ ತಿರುಗಿ ಓಡಿತು. ಗೋಡೆಯ ಹಿಂದಿನವರು ಎದ್ದು ಬಲೆ ಬಿಚ್ಚುವಷ್ಟರಲ್ಲಿ ಇಡೀ ಹಿಂಡು ರಸ್ತೆಗೆ ನುಗ್ಗಿತ್ತು. ದಾಂಡೇಲಿಯ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕುತ್ತ ಬರುತ್ತಿತ್ತು. ಅದಕ್ಕೆ ಅಡ್ಡವಾಗಿ, ಊರುಗೋಲನ್ನು ಮೇಲೆತ್ತಿ, ಕುಂಟುಗಾಲಿನಲ್ಲಿ ರಸ್ತೆಯ ನಡುವೆ ನಿಂತಿದ್ದವನು ಅವರ ಮಗ. ಬಸ್ಸು ನಿಂತಿತು. ಕತ್ತೆಗಳು ದಾಟಿ ಕಾಡು ಸೇರಿದವು.

ಹಿಡಿಯುವವರು ಬಾಯಿಗೆ ಬಂದಂತೆ ಬೈದು ಲಾರಿ ಹತ್ತಿದರು. ಮಗ ಒಳಗೆ ಬಂದು ನೀರು ಕುಡಿದ. ಅಕ್ಕಾರು ಆ ಚಪ್ಪಡಿಯ ಮೇಲೆ ಕುಸಿದು ಕೂತು ಅತ್ತರು. ಗಂಡ ಸತ್ತಾಗಲೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದವರು, ಈಗ ಮುಚ್ಚಿಕೊಳ್ಳದೆ ಅತ್ತರು.

"ಸೋಮವಾರ ದಿವಸ ಹೊಡದೆ ನೋಡವಾ. ಆ ಮಣ್ಣಿನ ಕೆಲಸದವರೂ ನನ್ನ ಮುಂದ ಸೋಮವಾರ ಕೈ ಎತ್ತತಿರಲಿಲ್ಲ."

ನಾನು ಅವರ ಪಕ್ಕದಲ್ಲಿ ಕೂತೆ. ಎಷ್ಟೋ ಕತ್ತೆಗಳ ನಾಲಿಗೆ ತಾಗಿ ತಾಗಿ ಆ ಕಲ್ಲಿನ ನಡುವೆ ತಗ್ಗು ಬಿದ್ದು ನುಣುಪಾಗಿತ್ತು. ಪ್ರೀತಿ ಇರುವವರು ಹೊಡೆಯಬೇಕಾಗಿ ಬರುವುದೂ ಉಂಟು ಎಂದು ಪುಸ್ತಕದಲ್ಲಿ ಓದಿದರೆ ನಾನು ನಂಬುತ್ತಿರಲಿಲ್ಲ. ಅಂದು ಆ ಕಲ್ಲಿನ ಮೇಲೆ ಕೂತು ನಂಬಿದೆ.

ಮುಂದಿನ ಕೆಲವು ಸೋಮವಾರ ಅವು ರಸ್ತೆಯ ಆ ಬದಿಗೆ ಬಂದು ನಿಂತು ನೋಡಿದವಂತೆ. ಅಕ್ಕಾರು ಈ ಬದಿಯಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದರಂತೆ. ಆಮೇಲೆ ಬರುವುದು ನಿಂತಿತು. ಅಕ್ಕಾರ ಮಾತೂ ಕಡಿಮೆಯಾಯಿತು. ಉಗುರಿನ ಬಗ್ಗೆ ಮಕ್ಕಳು ಕೇಳಿದರೆ, "ಕತ್ತಿ ಕಡೀತು" ಎಂದಷ್ಟೇ ಹೇಳುತ್ತಿದ್ದರು.

ಆ ವರ್ಷದ ಮಳೆಗಾಲ ಕಳೆಯುವ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿತ್ತು. ಸಂಬಂಧಿಕರೆಲ್ಲ ಹಳಿಯಾಳ ಕಡೆಯೇ ಇದ್ದ ಗಂಡನ ಮನೆತನದ ಹೊಲದಲ್ಲಿ, ಗಂಡನ ಪಕ್ಕದಲ್ಲಿ ಜಾಗ ಇದೆ ಎಂದು ಮಾತಾಡಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿತ್ತು. "ಅಲ್ಲಿ ಬ್ಯಾಡ. ರಸ್ತಾದ ಆ ಕಡಿ ಇಡ್ರಿ ನನ್ನ" ಅಂದರು. ಗಂಡನನ್ನು ಬಿಟ್ಟು ಇಲ್ಲೇಕೆ ಎಂದು ನಾದಿನಿ ಕಣ್ಣೀರು ಹಾಕಿದರು. "ಅವರ ಕೂಡ ಅಷ್ಟ್ ವರ್ಷ ಮಾತಾಡೇನಿ. ಅವರಿಗೂ ಒಂದೀಟು ನಿವಾಂತ ಬೇಕಲ್ಲವಾ" ಅಂದರು ಅಕ್ಕಾರು, ಮತ್ತು ನಕ್ಕರು. ಆಮೇಲೆ ಮಗನ ಕೈಯನ್ನು ಆ ಉಗುರಿಲ್ಲದ ಹೆಬ್ಬೆರಳಿನಿಂದ ಒತ್ತಿದರು. "ಉಪ್ಪಿಗೆ ಕೈ ಹಿಡೀಬ್ಯಾಡ. ಅಂಗಡ್ಯಾಗ ಎಷ್ಟೈತಿ ಅಷ್ಟೂ ಒಯ್ಯಿ." ಕಿರಾಣಿ ಅಂಗಡಿಯವರ ಕೊನೆಯ ಚೇಷ್ಟೆ ಎಂದುಕೊಂಡು ನಾವು ಅಳುವಿನ ನಡುವೆ ನಕ್ಕೆವು.

ಮಗ ಹೇಳಿದಂತೆ ಮಾಡಿದ. ಇದ್ದ ಚೀಲಗಳನ್ನೆಲ್ಲ ಮಸಣಕ್ಕೆ ಸಾಗಿಸಿದ. ಪದ್ಮಾಸನದಲ್ಲಿ ಕೂರಿಸಿ, ವಿಭೂತಿ, ಪತ್ರೆ, ಉಪ್ಪು ಹಾಕಿ ಮಣ್ಣು ಮಾಡಿದರು. ಗುಂಡಿಗೆ ಹಾಕಿ ಮಿಕ್ಕ ಉಪ್ಪು ಬಹಳವಿತ್ತು. ಹೆಣದ ಜೊತೆ ಹೋದದ್ದನ್ನು ಮನೆಗೆ ತಿರುಗಿ ತರಬಾರದು. ಎಲ್ಲವನ್ನೂ ಗೋರಿಯ ಮಣ್ಣಿಗೇ ಸುರಿದು ಕಲಸಿ ಬಂದರು.

ದೀಪಾವಳಿ ಕಳೆದ ಮೇಲೆ ಮಗನ ಫೋನು ಬಂತು. "ತಂಗಿ, ಬಂದು ನೋಡಿ ಹೋಗು" ಅಂದ, ಏನೆಂದು ಹೇಳಲಿಲ್ಲ. ನಾನು ಹೋಗಿ ಬಸ್ಸಿಳಿದಾಗ ಅವನು ಮಸಣದ ಬೇಲಿಯ ಹತ್ತಿರ ನಿಂತಿದ್ದ. ಕಾಲ ಬಳಿ ಮುಳ್ಳಿನ ಕಂಟಿಯ ದೊಡ್ಡ ಹೊರೆ. ನಾದಿನಿಯ ಮನೆಯವರು ತರಿಸಿ ಇಟ್ಟು ಹೋಗಿದ್ದರಂತೆ, ಗೋರಿಯ ಸುತ್ತ ಹಾಕೆಂದು. ಅವನು ಬೆರಳು ಮಾಡಿ ತೋರಿಸಿದ.

ಅಕ್ಕಾರ ಗೋರಿಯ ಸುತ್ತ ಕತ್ತೆಗಳು ನಿಂತಿದ್ದವು. ತಲೆ ತಗ್ಗಿಸಿ, ಯಾವ ಗಡಿಬಿಡಿಯೂ ಇಲ್ಲದೆ ಮಣ್ಣು ನೆಕ್ಕುತ್ತಿದ್ದವು. ಬೂದು ಬಣ್ಣದ ಮುದುಕಿಯೂ ಇತ್ತು. ಮೂಗಿನ ಮೇಲೆ ಕೋಲಿನ ಗುರುತು ಒಣಗಿ ಕರ್ರಗಾಗಿತ್ತು.

ಈ ಉಪ್ಪು ಎರಡು ಮಳೆಗಾಲ ತಡೆಯಲಿಕ್ಕಿಲ್ಲ. ಕಾಡೆಮ್ಮೆಗಳೂ ಬರಬಹುದು, ಗಾರ್ಡ್ ಹೇಳಿದ ಹಾಗೆ ರೋಗವೂ ಹರಡಬಹುದು. ಕೆಳಗಿನ ಹಳ್ಳಿಯವರ ಸಸಿಗಳನ್ನು ಇವು ಮುಂದೆಯೂ ಮೇಯುತ್ತವೆ. ಇದೆಲ್ಲ ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ತಂದವರು ಯಾರೋ, ಬಿಟ್ಟವರು ಯಾರೋ, ಕೊನೆಯವರೆಗೆ ಲೆಕ್ಕಕ್ಕೆ ಇಟ್ಟುಕೊಂಡವರು ಅಕ್ಕಾರೊಬ್ಬರೇ. ಅವರು ನನ್ನನ್ನೂ ಹಾಗೆಯೇ ಇಟ್ಟುಕೊಂಡಿದ್ದರು.

"ಮುಳ್ಳು ಹಾಕೂದಿಲ್ಲೇನು?" ಎಂದು ಕೇಳಿದೆ.

ಅವನು ಊರುಗೋಲಿನಿಂದ ಹೊರೆಯನ್ನು ಬೇಲಿಯ ಕಡೆಗೆ ದಬ್ಬಿದ.

"ಇರಲಿ ಬಿಡು. ಅವ್ವ ಅಂಗಡಿ ಈ ಕಡಿ ತಂದಾಳ. ಇನ್ನ ಅವು ರಸ್ತಾ ದಾಟೂದು ಬ್ಯಾಡ."

ಆಮೇಲೆ ನಾವಿಬ್ಬರೂ ಎಡಕ್ಕೆ ಬಲಕ್ಕೆ ನೋಡಿ, ಮೆಲ್ಲಗೆ, ಅವನ ಕುಂಟುಗಾಲಿನ ಹದಕ್ಕೆ, ರಸ್ತೆ ದಾಟಿ ಮನೆಗೆ ಬಂದೆವು.